ರಸ್ತೆ ಅಗಲ ಮಾಡಬ್ಯಾಡ್ರಿ

2025ರ ಫೆಬ್ರುವರಿಯಲ್ಲಿ ಪುಣೆಯಿಂದ ಊರಿಗೆ ಹೋಗುವಾಗ ಸೈಕಲ್ಲನ್ನೂ ಜೊತೆಗೆ ಒಯ್ದೆ. ರೈಲಿನ ಬ್ರೇಕ್ ವ್ಯಾನಿನಲ್ಲಿ ಹಾಕಿ ಒಯ್ಯಬಹುದು, ಅಂಥ ಖರ್ಚೇನೂ ಬರುವುದಿಲ್ಲ. ಪಾರ್ಸೆಲ್ ಕೌಂಟರಿನ ಹುಡುಗ ಅಭ್ಯಾಸಬಲದಿಂದ ಆರ್.ಸಿ. ಬುಕ್ಕಿನ ನಕಲು ಕೇಳಿದ, ಟಾಕಿಯೊಳಗಿನ ಪೆಟ್ರೋಲ್ ತೆಗೆಸಿದ್ದೀರೋ ಇಲ್ಲವೋ ಅಂತಲೂ ಕೇಳಿದ. ಆಮೇಲೆ ತಲೆಯೆತ್ತಿ ನೋಡಿದ. ಇಬ್ಬರೂ ನಕ್ಕೆವು. ಧಾರವಾಡ ಸ್ಟೇಷನ್ನಿನಲ್ಲಿ ಇಳಿಸಿಕೊಂಡು, ಗಾಳಿ ಹೊಡೆದುಕೊಂಡು, ಕೆಲಗೇರಿ ದಾಟಿ ಪಡುವಣಕ್ಕೆ ಹತ್ತು ಮೈಲಿ ತುಳಿದು ಮನೆ ಮುಟ್ಟಿದಾಗ ನನ್ನ ಅಣ್ಣನ ಮಗ ಬಾಗಿಲಲ್ಲೇ ನಿಂತಿದ್ದ. ನಮಸ್ಕಾರ ಮಾಡಲಿಲ್ಲ, ಚೀಲ ಇಸಕೊಳ್ಳಲಿಲ್ಲ. ಮೊದಲು ಓಣಿಯ ಎರಡೂ ಕಡೆ ನೋಡಿದ.

'ಕಾಕಾ, ಒಂದ್ ಫೋನ್ ಮಾಡಿದ್ರ ನಾನ ಕಾರ್ ತಗೊಂಡ್ ಬರ್ತಿದ್ದಿಲ್ಲೇನ್ರಿ? ಬ್ಯಾಂಕಿನ ಮ್ಯಾನೇಜರ್ ಆಗಿ ರಿಟೈರ್ ಆದವ್ರು ಹಿಂಗ ಸೈಕಲ್ ಮ್ಯಾಲೆ ಬಂದ್ರ ಮಂದಿ ನಮಗ ಏನಂದಾರು?'

ಆ 'ನಮಗ' ಎಂಬ ಮಾತನ್ನು ಗಮನಿಸಬೇಕು. 66 ವರ್ಷದ ಕಾಕಾ ಬಿದ್ದು ಎಲುಬು ಮುರಿದುಕೊಂಡಾನು ಎಂಬ ಕಾಳಜಿ ಅದಲ್ಲ. (ಒಮ್ಮೆ ಮುರಿದುಕೊಂಡೂ ಆಗಿದೆ, ಅದನ್ನು ಮುಂದೆ ಹೇಳುತ್ತೇನೆ.) ಅದು ಮನೆತನದ ಮಾನದ ಪ್ರಶ್ನೆ. ಪುಣೆಯಲ್ಲಿ ಮೂವತ್ತು ವರ್ಷ ದುಡಿದವನು ಕಾರಿನಲ್ಲಿ ಬರಬೇಕು, ಅದೂ ಓಣಿಗೆ ಹಿಡಿಸದಷ್ಟು ದೊಡ್ಡ ಕಾರಿನಲ್ಲಿ. ಅಂದು ಸಂಜೆ ಚಹಾ ಆದ ಮೇಲೆ ಅವನು ನನ್ನ ಮುಂದೆ ಒಂದು ಕಾಗದ ಇಟ್ಟು ಸಹಿ ಕೇಳಿದ. ಅದರ ಮಾತು ಆಮೇಲೆ. ಮೊದಲು ಸೈಕಲ್ಲಿನ ಬಗ್ಗೆ ಇತ್ಯರ್ಥವಾಗಲಿ, ಯಾಕೆಂದರೆ ಎರಡೂ ಒಂದೇ ವ್ಯಾಜ್ಯ ಎಂಬುದು ನನ್ನ ತಕರಾರು.

ನಾನು ಮಾಡುವುದು ಏನು ಎಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಪೇಪರಿನ ಪುರವಣಿಯಲ್ಲಿ ಬರುವ ಚಿತ್ರಗಳನ್ನು ಕಣ್ಣ ಮುಂದೆ ತಂದುಕೊಳ್ಳುತ್ತೀರಿ. ನಾವು ಮೂವರು. ಒಬ್ಬರು ಖಡಕಿಯ ಮದ್ದುಗುಂಡಿನ ಕಾರ್ಖಾನೆಯಿಂದ ನಿವೃತ್ತರಾದ ಮರಾಠಿ ಗೃಹಸ್ಥರು, ನನಗಿಂತ ಎರಡು ವರ್ಷಕ್ಕೆ ದೊಡ್ಡವರು. ಇನ್ನೊಬ್ಬ ಶಿವಮೊಗ್ಗದ ಕಡೆಯ ಹುಡುಗ, ಸಾಫ್ಟ್‌ವೇರಿನವನು. ನಮಗಿಬ್ಬರಿಗೆ ದಿನವೂ ಭಾನುವಾರವೇ, ಅವನಿಗೋಸ್ಕರ ಶನಿವಾರ, ಭಾನುವಾರ ಎಂದು ಗೊತ್ತುಮಾಡಿಕೊಂಡಿದ್ದೇವೆ. ಬೆಳಿಗ್ಗೆ ಐದೂವರೆಗೆ ಬಿಬ್ವೇವಾಡಿಯಿಂದ ಹೊರಟು, ಕೊಂಢವಾದ ಗದ್ದಲ ಏಳುವುದರೊಳಗೆ ಅದನ್ನು ದಾಟಿ, ಬೋಪದೇವ ಘಾಟಿನ ಬುಡ ಸೇರುತ್ತೇವೆ. ಏರು ಕಡಿದಾದಲ್ಲಿ ನಾಚಿಕೆಯಿಲ್ಲದೆ ಇಳಿದು ತಳ್ಳುತ್ತೇವೆ. ಮೇಲೆ ಮುಟ್ಟಿದರೆ ಬೋಪಗಾವ್. ಅಲ್ಲಿಂದ ಸಾಸವಡಕ್ಕೆ ಹೋಗುವ ದೊಡ್ಡ ದಾರಿ ಬಿಟ್ಟು ಭಿವರಿ, ಗರಾಡೆ ಕಡೆಗೆ ಬಲಕ್ಕೆ ಹೊರಳಿದರೆ ಆಯಿತು, ನಮ್ಮ ರಾಜ್ಯ ಶುರು. ತಾಸಿಗೆ ಹನ್ನೆರಡು ಕಿಲೋಮೀಟರು, ಬಹಳವಾದರೆ ಹದಿನಾಲ್ಕು. ಚಹಾದ ಅಂಗಡಿ ಕಂಡಲ್ಲೆಲ್ಲ ನಿಲ್ಲುವುದು, ಬಾವಿ ಕಂಡಲ್ಲಿ ಬಗ್ಗಿ ನೋಡುವುದು. ಇದಕ್ಕೆ ವ್ಯಾಯಾಮ ಅನ್ನುವುದೂ ಕಷ್ಟ.

ಫಾಲ್ಗುಣ, ಚೈತ್ರದಲ್ಲಿ ಆ ದಾರಿಗಳನ್ನು ನೀವು ನೋಡಬೇಕು. ದಖನ್ನಿನ ವಸಂತಕ್ಕೆ ಹಸಿರು ಕಡಿಮೆ, ಗುಡ್ಡಗಳೆಲ್ಲ ಹುಲ್ಲೊಣಗಿ ಸಿಂಹದ ಬೆನ್ನಿನ ಹಾಗೆ ಕಾಣುತ್ತವೆ. ಆ ಬೋಳಿನ ನಡುವೆ ಎಲೆಯೊಂದೂ ಇಲ್ಲದ ಮುತ್ತುಗದ ಗಿಡ ಕೆಂಡ ಹೊತ್ತುಕೊಂಡು ನಿಂತಿರುತ್ತದೆ. ಅದರ ಮೊಗ್ಗಿನ ತೊಟ್ಟು ಕರೀ ಮಖಮಲ್ಲಿನ ಹಾಗಿರುತ್ತದೆ ಎಂಬುದು ನನಗೆ ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಗೊತ್ತಾಯಿತು. ಅದಕ್ಕೆ ಮುಂಚೆ ಇಪ್ಪತ್ತೆಂಟು ವರ್ಷ ಅದೇ ದಾರಿಯಲ್ಲಿ ಸ್ಕೂಟರು, ಕಾರು ಓಡಿಸಿದ್ದೆ. ಬೂರುಗದ ದಪ್ಪ ಹೂ ದಾರಿಯ ಮೇಲೆ ಬಿದ್ದಿರುತ್ತವೆ. ಹೊಂಗೆ ಹೊಸ ಎಲೆ ಬಿಟ್ಟು ಎಣ್ಣೆ ಸವರಿದಂತೆ ಹೊಳೆಯುತ್ತದೆ. ಮಾವಿನ ತೋಪಿನ ಹತ್ತಿರ ಬಂದರೆ ಕಣ್ಣಿಗೆ ಕಾಣುವ ಮೊದಲು ಮೂಗಿಗೆ ಗೊತ್ತಾಗುತ್ತದೆ. ಕುಟ್ರುಹಕ್ಕಿ ಒಂದು ಸಲ ಶುರುಮಾಡಿತೆಂದರೆ ನಾವು ಎರಡು ಊರು ದಾಟಿದರೂ ನಿಲ್ಲಿಸುವುದಿಲ್ಲ. ಕಾರಿನ ಗಾಜು ಏರಿಸಿ, ಎ.ಸಿ. ಹಾಕಿ, ಅರವತ್ತರ ವೇಗದಲ್ಲಿ ಹೋಗುವವರಿಗೆ ಇದರಲ್ಲಿ ಯಾವುದು ಸಿಕ್ಕೀತು ಹೇಳಿ. ಸಿಗದಿದ್ದರೆ ಅವರಿಗೆ ನಷ್ಟ ಎಂದು ಸುಮ್ಮನಾಗಬಹುದಿತ್ತು. ಆದರೆ ಅವರು ತಮ್ಮ ವೇಗಕ್ಕಾಗಿ ಆ ಹೊಂಗೆಯನ್ನೇ ಕಡಿಸುತ್ತಾರೆ, ಅದು ನನ್ನ ಜಗಳ.

ಪುರಂದರ ತಾಲೂಕು ಅಂಜೂರಕ್ಕೂ ಸೀತಾಫಲಕ್ಕೂ ಹೆಸರಾದದ್ದು. ಅಂಜೂರಕ್ಕೆ ಅಲ್ಲಿ ಎರಡು ಹಂಗಾಮು. ಮಳೆಗಾಲದ್ದು ಖಟ್ಟಾ ಬಹಾರ್, ಬೇಸಿಗೆಯದು ಮೀಠಾ ಬಹಾರ್. ಮಾರ್ಚ್ ಬಂತೆಂದರೆ ಸಿಹಿ ಹಣ್ಣು ಶುರು. ನಸುಕಿನಲ್ಲೇ ಹೆಂಗಸರು ಹಣ್ಣು ಬಿಡಿಸಿ ಎಲೆ ಹಾಸಿದ ಬುಟ್ಟಿಯಲ್ಲಿ ಜೋಡಿಸುತ್ತಿರುತ್ತಾರೆ. ಸೈಕಲ್ಲಿನ ಮೇಲೆ ಬಂದ ಮುದುಕರಿಗೆ ದರ ಹೇಳುವ ಮೊದಲು ಎರಡು ಹಣ್ಣು ಕೈಗೆ ಬರುತ್ತವೆ. ಕಾರಿನವರಿಗೆ ಹಾಗೆ ಬರುವುದಿಲ್ಲ, ನಾನೇ ಎರಡೂ ರೀತಿ ಹೋಗಿ ನೋಡಿದ್ದೇನೆ. ಇನ್ನೊಂದು ಮಾತು. ಪುಣೆ, ಮುಂಬಯಿಯಲ್ಲಿ ಕಬ್ಬಿನ ಹಾಲಿನ ಅಂಗಡಿಗೆ 'ಕಾನಿಫನಾಥ', 'ನವನಾಥ' ಎಂದು ಹೆಸರು ಯಾಕಿರುತ್ತದೆ ಎಂದು ನಾನು ಬಹಳ ದಿನ ಯೋಚಿಸಿದ್ದೆ. ಆ ಅಂಗಡಿಕಾರರಲ್ಲಿ ಬಹಳ ಜನ ಇದೇ ಬೋಪಗಾವಿನ ಕಡೆಯವರು, ಊರ ಗುಡ್ಡದ ಮೇಲೆ ಕಾನಿಫನಾಥನ ಗುಡಿ ಇದೆ. ಇದನ್ನು ನನಗೆ ಹೇಳಿದವನು ದಾರಿ ಬದಿಯಲ್ಲಿ ಎಮ್ಮೆ ಮೇಯಿಸುತ್ತಿದ್ದ ಒಬ್ಬ ಅಜ್ಜ. ಮೂವತ್ತು ವರ್ಷ ಪುಣೆಯಲ್ಲಿದ್ದೂ ನಾನು ಆ ನಾಡಿನ ಪರಕೀಯನಾಗಿಯೇ ಇದ್ದೆ. ಬ್ಯಾಂಕು, ಮನೆ, ಕನ್ನಡ ಸಂಘದ ಗಣೇಶೋತ್ಸವ, ಇಷ್ಟೇ. ಸೈಕಲ್ಲು ಹಿಡಿದ ಮೇಲೆ ಮರಾಠಿ ಊರುಗಳ ಒಳಗೆ ಹೊಕ್ಕೆ. ಹೊರನಾಡಿನಲ್ಲಿ ಬದುಕುವುದು ಹೇಗೆಂದು ಕೇಳುವವರಿಗೆ ನಾನು ಹೇಳುವುದು ಇದನ್ನೇ, ಅವರಿಗೆ ರುಚಿಸುವುದಿಲ್ಲ.

ಈಗ ಮಾನದ ಪ್ರಶ್ನೆ. ಅಪ್ಪ 1965ರ ಸುಮಾರಿಗೆ ಹರ್ಕ್ಯುಲಸ್ ಸೈಕಲ್ ಕೊಂಡಾಗ ಓಣಿಯ ಮಂದಿ ನೋಡಲು ಬಂದಿದ್ದರಂತೆ. ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದಿದ್ದರು. ಲೈಸೆನ್ಸಿನ ಬಿಲ್ಲೆ ಕಟ್ಟಬೇಕಿತ್ತು, ರಾತ್ರಿ ದೀಪ ಇಲ್ಲದಿದ್ದರೆ ಧಾರವಾಡದಲ್ಲಿ ಪೊಲೀಸರು ಗಾಳಿ ಬಿಡುತ್ತಿದ್ದರು. ಹಬ್ಬದ ದಿನ ಅಣ್ಣನನ್ನು ಮುಂದಿನ ಡಂಡಿಯ ಮೇಲೆ, ನನ್ನನ್ನು ಕ್ಯಾರಿಯರಿನ ಮೇಲೆ ಕೂಡಿಸಿಕೊಂಡು ಅಪ್ಪ ಪೇಟೆಗೆ ಹೊರಟರೆ, ಅದೇ ಮಂದಿ ಅದೇ ಓಣಿಯಲ್ಲಿ ನಿಂತು ನೋಡುತ್ತಿದ್ದರು. ಆಗ ಮನೆತನದ ಮಾನ ಸೈಕಲ್ಲಿನ ಮೇಲೆಯೇ ಕೂತಿತ್ತು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಓದುವಾಗ ಅದೇ ಸೈಕಲ್ಲು ನನಗೆ ಬಂತು. ಛೋಟಾ ಮಹಾಬಳೇಶ್ವರದ ಏರು ಹತ್ತಿ ಇಳಿದು, ಚಳಿಗಾಲ ಮುಗಿಯುವ ಹೊತ್ತಿಗೆ ನಾಲ್ಕು ಮಂದಿ ಕೂಡಿ ಹುಬ್ಬಳ್ಳಿ ರಸ್ತೆಯ ಮರಗಳ ನೆರಳಲ್ಲಿ ನವಲೂರಿಗೆ ಪೇರಲ ಹಣ್ಣು ತಿನ್ನಲು ಹೋಗುತ್ತಿದ್ದೆವು. ಈಗ ಆ ರಸ್ತೆಯಲ್ಲಿ ಬಿ.ಆರ್.ಟಿ.ಎಸ್. ಇದೆ. 2018ರಲ್ಲಿ ಬಸ್ಸು ಓಡಿದವು, 2020ರಲ್ಲಿ ಉದ್ಘಾಟನೆಯಾಯಿತು. ಬಸ್ಸು ಬೇಕು, ಬಸ್ಸಿನ ಮೇಲೆ ನನ್ನ ತಕರಾರಿಲ್ಲ. ಆದರೆ ಮರ ಹೋದವು, ಮತ್ತು ಅಷ್ಟು ಅಗಲದ ರಸ್ತೆಯ ಮೇಲೆ ಸೈಕಲ್ ತುಳಿಯಲು ಇವತ್ತು ನನಗೆ ಧೈರ್ಯ ಸಾಲದು.

ಸೈಕಲ್ಲಿನ ಮಾನ ಕಳೆದವರಲ್ಲಿ ನಾನೂ ಒಬ್ಬ. ಇದನ್ನು ಒಪ್ಪದೆ ಮುಂದೆ ಹೋದರೆ ಈ ಲೇಖನಕ್ಕೆ ಅರ್ಥವಿಲ್ಲ. ನಾನು 1991ರಲ್ಲಿ ವರ್ಗವಾಗಿ ಪುಣೆಗೆ ಬಂದಾಗ ಅದನ್ನು ಸೈಕಲ್ಲುಗಳ ಊರು ಎಂದೇ ಜನ ಕರೆಯುತ್ತಿದ್ದರು. ಖಡಕಿಯ ಕಾರ್ಖಾನೆಯಲ್ಲಿ ಪಾಳಿ ಬಿಟ್ಟರೆ ರಸ್ತೆಯ ತುಂಬ ಸೈಕಲ್ಲೇ, ಆ ಹೊಳೆ ಹರಿದು ಹೋಗುವ ತನಕ ಬಸ್ಸು ನಿಂತಿರಬೇಕು. ನನ್ನ ಜೊತೆಗಾರರು ಆ ಹೊಳೆಯೊಳಗೆ ಇದ್ದವರು. ಆ ಊರಿನ ಪಕ್ಕದ ಆಕುರ್ಡಿಯಲ್ಲೇ 1972ರಿಂದ ಚೇತಕ್ ಸ್ಕೂಟರು ತಯಾರಾಗುತ್ತಿತ್ತು. ಮೊದಲು ಅದಕ್ಕೆ ವರ್ಷಗಟ್ಟಲೆ ಪಾಳಿ ಹಚ್ಚಬೇಕಿತ್ತು. ತೊಂಬತ್ತರ ದಶಕದಲ್ಲಿ ಪಾಳಿ ಹೋಗಿ ಸಾಲ ಬಂತು. ಆ ಸಾಲ ಕೊಟ್ಟವನು ನಾನು. ಶಾಖೆಗೆ ಟಾರ್ಗೆಟ್ ಇರುತ್ತಿತ್ತು, ಮಾರ್ಚ್ ಮೂವತ್ತೊಂದರೊಳಗೆ ಇಂತಿಷ್ಟು ದ್ವಿಚಕ್ರ ವಾಹನ ಸಾಲ. ಸೈಕಲ್ ಮೇಲೆ ಬಂದವನಿಗೆ ಸ್ಕೂಟರಿನ ಅರ್ಜಿ ಕೊಟ್ಟು ಕಳಿಸುತ್ತಿದ್ದೆ. ಹೆಮ್ಮೆಯಿಂದಲೇ ಕಳಿಸುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಎಂ.ಕಾಂ.ನಲ್ಲಿ ಕಾಸ್ಟ್ ಅಕೌಂಟಿಂಗ್ ಓದಿದವನು ನಾನು. ಸವಕಳಿ ಎಷ್ಟು, ಮೇಂಟೆನೆನ್ಸ್ ಎಷ್ಟು, ಕಂತು ಎಷ್ಟು, ಎಲ್ಲ ಲೆಕ್ಕ ಹಾಕಿ ಕೊಡುತ್ತಿದ್ದೆ. ಇಷ್ಟು ಗಾಡಿಗಳಿಗೆ ಬೇಕಾದ ರಸ್ತೆಯ ಖರ್ಚನ್ನು, ಆ ರಸ್ತೆಗೆ ಕಡಿದ ಆಲದ ಮರದ ಖರ್ಚನ್ನು ಯಾವ ಕಲಮಿನಲ್ಲೂ ಬರೆದಿಲ್ಲ. ಕಲಮೇ ಇರಲಿಲ್ಲ. 2000ದ ನಂತರ ಕಾರಿನ ಸಾಲ, ಆಮೇಲೆ ಪ್ಲಾಟಿನ ಸಾಲ. ಪೌಡ ರಸ್ತೆಯ ಭೂಗಾವ್, ಪಿರಂಗುಟ್ ಕಡೆ ಯಾವ ಯಾವ ಹೊಲ ಪ್ಲಾಟ್ ಆದವು ಎಂಬುದು ನನಗೆ ಸರ್ವೆ ನಂಬರಿನ ಸಮೇತ ಗೊತ್ತಿತ್ತು.

ಬ್ಯಾಂಕಿನವರಿಗೆ ಗೊತ್ತಿರುವ ಇನ್ನೊಂದು ಸಣ್ಣ ಸಂಗತಿ ಇದೆ. ಆಫೀಸರನಿಗೆ ಓಡಾಟದ ಖರ್ಚು ಲೀಟರಿನ ಲೆಕ್ಕದಲ್ಲಿ ಸಿಗುತ್ತದೆ. ಸ್ಕೂಟರು ಇದ್ದರೆ ಇಷ್ಟು ಲೀಟರು ಪೆಟ್ರೋಲು, ಕಾರು ಇದ್ದರೆ ಅದಕ್ಕಿಂತ ಹೆಚ್ಚು. ಸೈಕಲ್ಲಿಗೆ ಎಷ್ಟು ಲೀಟರು ಕೊಡುತ್ತೀರಿ? ನಾನು ಒಂದು ಆರು ತಿಂಗಳು ಶಾಖೆಗೆ ಸೈಕಲ್ ಮೇಲೆ ಹೋಗಿದ್ದೆ. ಹಿರಿಯ ಅಧಿಕಾರಿಯೊಬ್ಬರು ಕರೆದು, ಕಾಗದದಲ್ಲಿ ಏನೂ ಬರೆಯದೆ, 'ಗಿರಾಕಿಗಳು ನೋಡ್ತಾರ, ಶೋಭಿಸೋದಿಲ್ಲ' ಎಂದರು. ಮರುವಾರವೇ ಸ್ಕೂಟರು ತೆಗೆದೆ. ನನ್ನ ಅಣ್ಣನ ಮಗನ 'ಮಂದಿ ಏನಂದಾರು' ಎಂಬುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಅವತ್ತು ನಾನು ಎದುರು ಮಾತಾಡಲಿಲ್ಲ. ಆ ಬಾಕಿಯನ್ನು ಈಗ ತೀರಿಸುತ್ತಿದ್ದೇನೆ ಎಂದುಕೊಳ್ಳಿ.

ಈಗ ಸೈಕಲ್ಲಿಗೆ ಮಾನ ಮರಳಿ ಬಂದಿದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಬಂದಿರುವುದು ಬೇರೆಯದಕ್ಕೆ. ಭಾನುವಾರ ಬೆಳಿಗ್ಗೆ ಒಂದೂವರೆ ಲಕ್ಷದ ಸೈಕಲ್ಲನ್ನು ಕಾರಿನ ಬೆನ್ನಿಗೆ ಕಟ್ಟಿಕೊಂಡು ಘಾಟಿನ ಬುಡಕ್ಕೆ ಬರುವವರನ್ನು ನೋಡುತ್ತೇನೆ. ಮೈಗಂಟಿದ ಬಟ್ಟೆ, ಕಣ್ಣಿಗೆ ಕಪ್ಪು ಕನ್ನಡಕ, ಕೈಗಡಿಯಾರದಲ್ಲಿ ಎದೆಬಡಿತದ ಲೆಕ್ಕ. ನಮ್ಮನ್ನು ದಾಟುವಾಗ 'ಅಂಕಲ್, ಸೈಡ್' ಎನ್ನುತ್ತಾರೆ. ಎಷ್ಟು ನಿಮಿಷದಲ್ಲಿ ಘಾಟು ಹತ್ತಿದೆ ಎಂದು ಹೇಳುತ್ತಾರೆಯೇ ಹೊರತು ಘಾಟಿನಲ್ಲಿ ಏನಿತ್ತು ಎಂದು ಹೇಳಿದವರನ್ನು ಕಾಣೆ. ಮೈ ಗಟ್ಟಿಯಿದೆ, ಹತ್ತಲಿ ಪಾಪ. ಆದರೆ ಇವರಿಂದ ಒಂದು ಕೆಡುಕಾಗಿದೆ. ಸೈಕಲ್ಲು ಎಂದರೆ ಒಂದೋ ಗತಿಯಿಲ್ಲದವನದು, ಇಲ್ಲವೇ ಹುಚ್ಚು ಹವ್ಯಾಸದವನದು ಎಂಬ ಎರಡೇ ಮಾತು ಉಳಿದಿವೆ. ನಡುವಿನದು, ಸುಮ್ಮನೆ ತುಳಿಯುತ್ತ ಹೋಗುವುದು, ಯಾರಿಗೂ ತಿಳಿಯದಾಗಿದೆ. ವರ್ಷಕ್ಕೊಮ್ಮೆ ಸೈಕಲ್ ಜಾಥಾ ಎಂದು ಮಾಡುತ್ತಾರೆ. ಬಾವುಟ ತೋರಿಸಿದ ಗಣ್ಯರು ಅರ್ಧ ಫರ್ಲಾಂಗ್ ತುಳಿದು, ಹಿಂದೆಯೇ ಬರುತ್ತಿದ್ದ ಕಾರು ಹತ್ತುತ್ತಾರೆ. ವಿಶ್ವಸಂಸ್ಥೆ ಜೂನ್ 3ನ್ನು ಸೈಕಲ್ ದಿನವೆಂದು 2018ರಲ್ಲಿ ಸಾರಿತು. 2020ರ ಅದೇ ಜೂನ್ 3ಕ್ಕೆ ಸಾಹಿಬಾಬಾದಿನ ಅಟ್ಲಾಸ್ ಸೈಕಲ್ ಕಾರ್ಖಾನೆ ಮುಚ್ಚಿತು. ಇದಕ್ಕೆ ನಾನು ಏನೂ ಸೇರಿಸುವ ಅಗತ್ಯವಿಲ್ಲ.

ಪುಣೆಯವರು ಮಾಡಿದ್ದನ್ನು ನೋಡಿ ಕಲಿಯಿರಿ ಎಂದು ತಾಯ್ನಾಡಿನ ಜನಕ್ಕೆ ಹೇಳುವ ಹಕ್ಕು ನನಗಿದೆ, ಯಾಕೆಂದರೆ ಅದನ್ನು ದಿನವೂ ಅನುಭವಿಸುತ್ತಿದ್ದೇನೆ. ಮೊದಲು ಸೈಕಲ್ಲನ್ನು ರಸ್ತೆಯಿಂದ ಓಡಿಸಿದರು. ಆಮೇಲೆ 2006ರ ಕೊನೆಗೆ ನಮ್ಮ ಸಾತಾರಾ ರಸ್ತೆಯಲ್ಲಿ ಬಿ.ಆರ್.ಟಿ. ಬಸ್ಸು ಬಂದಾಗ ಪಕ್ಕದಲ್ಲಿ ಸೈಕಲ್ಲಿಗೂ ಒಂದು ಪಟ್ಟಿ ಕೊಟ್ಟರು. ಕೆಲವೇ ದಿನ. ಆ ಪಟ್ಟಿಯ ಮೇಲೆ ಮೋಟಾರ್ ಸೈಕಲ್ಲು ನಿಂತವು, ಪಾನಿಪೂರಿ ಗಾಡಿ ಬಂತು, ನಡುವೆಯೇ ಒಂದು ಕಡೆ ಕರೆಂಟಿನ ಡಬ್ಬಿ ಎದ್ದಿತು. 2017ರ ಕೊನೆಗೆ ಬಾಡಿಗೆ ಸೈಕಲ್ಲುಗಳು ಬಂದವು, ಬಣ್ಣ ಬಣ್ಣದವು. ಎರಡು ವರ್ಷದಲ್ಲಿ ಕಾಣೆಯಾದವು. (ಅದೇ ವರ್ಷ ಮೈಸೂರಿನಲ್ಲಿ ಶುರುವಾದ ಟ್ರಿನ್ ಟ್ರಿನ್ ಅದಕ್ಕಿಂತ ಹೆಚ್ಚು ದಿನ ಬಾಳಿತು ಎಂದು ಇಲ್ಲಿಯವರ ಮುಂದೆ ಕೊಚ್ಚಿಕೊಂಡಿದ್ದೇನೆ.) ಶಹರದೊಳಗೆ ಇಷ್ಟೆಲ್ಲ ಖರ್ಚು ಮಾಡಿದವರು, ಏನೂ ಖರ್ಚಿಲ್ಲದೆ ಸೈಕಲ್ಲಿಗೆ ತಾನೇ ತಾನಾಗಿ ಒದಗಿ ಬಂದಿದ್ದ ಹಳ್ಳಿಯ ದಾರಿಗಳನ್ನು ಮಾತ್ರ ಒಂದೊಂದಾಗಿ ಅಗಲ ಮಾಡುತ್ತ ಹೋದರು. ಬಾಣೇರ, ಭೂಗಾವ್ ಎಂದೋ ಹೋದವು. ಈಗ ನಮ್ಮ ಪುರಂದರದ ಸರದಿ. ಅಲ್ಲಿ ವಿಮಾನ ನಿಲ್ದಾಣ ಮಾಡುತ್ತೇವೆಂದು 2016ರಲ್ಲಿ ಹೇಳಿದರು, ಏಳು ಹಳ್ಳಿಗಳ ರೈತರು ವಿರೋಧಿಸುತ್ತ ಬಂದರು. 2025ರ ಮೇ ತಿಂಗಳಲ್ಲಿ ಸರ್ವೆಗೆ ಬಂದಾಗ ಪೊಲೀಸರಿಗೂ ಊರವರಿಗೂ ಹೊಡೆದಾಟವೇ ಆಯಿತು. ನಿಲ್ದಾಣ ಬರುವ ಮೊದಲೇ ಅದರ ಹೆಸರಿನಲ್ಲಿ ಪ್ಲಾಟಿನ ಬೋರ್ಡು ಬಂದಿವೆ. ಪ್ಲಾಟಿನ ಹಿಂದೆ ರಸ್ತೆ ಬರುತ್ತದೆ.

ಎರಡು ವರ್ಷದ ಹಿಂದೆ ಗರಾಡೆಯ ಹತ್ತಿರ ಅಂಥ ಒಂದು ರಸ್ತೆಯ ಕೆಲಸ ನಡೆದಿತ್ತು. ಡಾಂಬರಿನ ಡ್ರಮ್ಮಿನ ಪಕ್ಕ ಹೆಂಗಸೊಬ್ಬಳು ಕೂಸನ್ನು ಜೋಲಿಯಲ್ಲಿ ತೂಗುತ್ತಿದ್ದಳು. ನಾವು ಕನ್ನಡದಲ್ಲಿ ಮಾತಾಡಿದ್ದು ಕಿವಿಗೆ ಬಿದ್ದು, 'ಯಣ್ಣಾ, ಯಾವೂರ್ರೀ ನಿಮ್ದು?' ಎಂದಳು. ಇಡೀ ಗ್ಯಾಂಗು ಯಾದಗಿರಿ ಕಡೆಯದು. ನಾನು ಧಾರವಾಡ ಎಂದೆ. ಆಕೆಗೆ ಅದೂ ದೂರದ ದೇಶವೇ. ಮುತ್ತುಗದ ಗಿಡ ಕಡಿದು ಒಟ್ಟಿದ್ದನ್ನು ತೋರಿಸಿ, ಈ ದಾರಿ ಹಾಗೇ ಇದ್ದರೆ ಚಲೋ ಇತ್ತು ಎಂದು ನಾನು ಅಂದಾಗ ಆಕೆ, 'ರಸ್ತಾ ಆದ್ರ ನಮ್ದು ಹೊಟ್ಟಿ ನಡೀತದ. ಊರಾಗ ಏನದ ಹೇಳ್ರಿ' ಎಂದಳು. ನನ್ನ ದಾರಿಯನ್ನು ನುಂಗುತ್ತಿದ್ದವರು ನನ್ನ ಭಾಷೆಯವರೇ, ನನ್ನ ಹಾಗೆಯೇ ಊರು ಬಿಟ್ಟು ಬಂದವರು, ಆದರೆ ಪಿಂಚಣಿ ಇಲ್ಲದವರು. ಆಕೆಗೆ ಕೊಡಲು ನನ್ನ ಹತ್ತಿರ ಉತ್ತರ ಇರಲಿಲ್ಲ, ಇವತ್ತಿಗೂ ಇಲ್ಲ. ಆದರೆ ಆಕೆ ಆ ರಸ್ತೆ ಬೇಕು ಎನ್ನಲಿಲ್ಲ, ಕೂಲಿ ಬೇಕು ಎಂದಳು. ರಸ್ತೆ ಅಗಲವಾಗಬೇಕು ಎನ್ನುವವರು ತಮ್ಮ ವಾದಕ್ಕೆ ಆಕೆಯನ್ನು ಸಾಕ್ಷಿಯಾಗಿ ಎಳೆದು ತರುವುದು ಬೇಡ. ಇದ್ದ ದಾರಿಯ ಗುಂಡಿ ಮುಚ್ಚಿಸಿ, ಬದಿಗೆ ಗಿಡ ನೆಡಿಸಿದರೂ ಅದೇ ಕೂಲಿ ಕೊಡಬಹುದು.

ಎಲುಬಿನ ಕತೆ ಹೇಳುತ್ತೇನೆಂದು ಅಂದಿದ್ದೆ. 2023ರ ಮಾರ್ಚ್, ಭಾನುವಾರ, ಬೆಳಗಿನ ಒಂಬತ್ತರ ಸುಮಾರು. ಆ ಸಲ ನಾವು ಖಡಕವಾಸ್ಲಾ ದಾಟಿ ಪಾನಶೇತದ ಕಡೆ ಹೋಗಿದ್ದೆವು. ಕೆರೆಯ ಪಕ್ಕದ ದಾರಿ, ಎಡಕ್ಕೆ ಗುಡ್ಡ. ರಸ್ತೆಯನ್ನು ಹೊಸದಾಗಿ ಅಗಲ ಮಾಡಿದ್ದ ಒಂದು ಭಾಗದಲ್ಲಿ, ಹೌದು, ಅಗಲ ಮಾಡಿದ್ದ ಭಾಗದಲ್ಲೇ, ಹಿಂದಿನಿಂದ ಬಂದ ಕಾರಿನ ಕನ್ನಡಿ ನನ್ನ ಮೊಣಕೈಗೆ ಬಡಿಯಿತು. ಕಾರು ನಿಲ್ಲಲಿಲ್ಲ. ನಾನು ಜಲ್ಲಿಯ ಮೇಲೆ ಬಿದ್ದೆ. ಕಾಲರ್ ಬೋನ್ ಮುರಿಯಿತು. ಆಸ್ಪತ್ರೆಯಲ್ಲಿ ಡಾಕ್ಟರು, ಠಾಣೆಯಲ್ಲಿ ಹವಾಲ್ದಾರರು, ಮನೆಯಲ್ಲಿ ಸೊಸೆ, ಫೋನಿನಲ್ಲಿ ಊರಿನ ವೈನಿ, ಎಲ್ಲರೂ ಕೇಳಿದ್ದು ಒಂದೇ: ಈ ವಯಸ್ಸಿನಲ್ಲಿ ನಿಮಗೆ ಸೈಕಲ್ ಯಾಕೆ ಬೇಕಿತ್ತು? ಹದಿನೈದು ದಿನದಲ್ಲಿ ಮೂವತ್ತು ಮಂದಿಯಾದರೂ ಕೇಳಿರಬೇಕು. ಆ ಕಾರಿಗೆ ಆ ದಾರಿಯಲ್ಲಿ ಅಷ್ಟು ವೇಗ ಯಾಕೆ ಬೇಕಿತ್ತು ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದು ನನ್ನ ಜೊತೆಗಾರರು ಮಾತ್ರ, ಅದೂ ಮರಾಠಿಯ ಬೈಗುಳದ ಸಮೇತ. ರಸ್ತೆ ಕಿರಿದಿದ್ದಾಗ ಅದೇ ಜಾಗದಲ್ಲಿ ಕಾರುಗಳು ನಮ್ಮ ಹಿಂದೆ ನಿಧಾನವಾಗಿ ಬರುತ್ತಿದ್ದವು, ಹಾರ್ನ್ ಹೊಡೆಯುತ್ತಿದ್ದವು, ನಾವು ಬದಿಗೆ ಸರಿದ ಮೇಲೆ ಮುಂದೆ ಹೋಗುತ್ತಿದ್ದವು. ಅಗಲವಾದದ್ದರಿಂದ ನನಗೆ ಜಾಗ ಹೆಚ್ಚಾಗಲಿಲ್ಲ. ಅವರಿಗೆ ವೇಗ ಹೆಚ್ಚಾಯಿತು.

ಇನ್ನು ಆ ಕಾಗದ. ಧಾರವಾಡದ ದೊಡ್ಡ ರಸ್ತೆಯಿಂದ ನಮ್ಮೂರಿಗೆ ಒಳಗೆ ಹೋಗುವ ದಾರಿ ಮೂರು ಕಿಲೋಮೀಟರು. ಒಂದೇ ಗಾಡಿಯ ಅಗಲ, ಸರಕಾರಿ ಲೆಕ್ಕದಲ್ಲಿ ಮೂರೂಮುಕ್ಕಾಲು ಮೀಟರು. ಎರಡೂ ಬದಿಗೆ ಹುಣಸೆ, ಮಾವು, ನಡುವೆ ಎರಡು ಕಡೆ ಮುತ್ತುಗ. ಏಪ್ರಿಲ್ ಕೊನೆಗೆ ಬೇಲಿಯ ಮೇಲೆ ಕವಳಿ ಹಣ್ಣು. ಅದನ್ನು ಏಳು ಮೀಟರು ಮಾಡುವ ಮಾತು ನಡೆದಿದೆ. ಬದಿಗಿರುವ ಹೊಲದಲ್ಲಿ ನನ್ನ ಹೆಸರು ಇನ್ನೂ ಉತಾರದಲ್ಲಿದೆ. ಅಣ್ಣ ತೀರಿಕೊಂಡ ಮೇಲೆ ಅವನ ಪಾಲು ಮಗನಿಗೆ ಬಂದಿದೆ. ಜಾಗ ಬಿಟ್ಟುಕೊಡಲು, ಮತ್ತು ಉಳಿದದ್ದನ್ನು ಎನ್.ಎ. ಮಾಡಿಸಲು, ಇಬ್ಬರ ಸಹಿ ಬೇಕು. ಹದಿನೆಂಟು ಗಿಡ ಹೋಗುತ್ತವೆ. ಒಂದು ಎಕರೆಗೆ ಈಗಿರುವ ದರ, ರಸ್ತೆ ಆದ ಮೇಲಿನ ದರ, ಎರಡನ್ನೂ ಅವನು ಚಂದದ ಅಕ್ಷರದಲ್ಲಿ ಬರೆದು ತೋರಿಸಿದ. ಲೆಕ್ಕ ಸರಿಯಾಗಿಯೇ ಇತ್ತು. ನನ್ನ ಹತ್ತಿರವೇ ಕಲಿತ ಲೆಕ್ಕ.

ನಾನು ಸಹಿ ಹಾಕಲಿಲ್ಲ. ಆಗ ಒಳಗಿನಿಂದ ಅವನ ಹೆಂಡತಿ ಬಂದು ನಿಂತು ಆಡಿದ ಮಾತನ್ನು ನಾನು ಮುಚ್ಚಿಡುವುದಿಲ್ಲ. 'ನೀವು ಪುಣೆದಾಗ ಲಿಫ್ಟ್ ಇದ್ದ ಮನ್ಯಾಗ ಇರ್ತೀರಿ ಕಾಕಾ. ದವಾಖಾನಿ ಮನಿ ಎದುರಿಗೇ ಐತಿ. ಇಲ್ಲೆ ಬಾಣಂತನಕ್ಕ ಗಾಡಿ ಬರಬೇಕಂದ್ರ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದ್ರ ಅರ್ಧ ತಾಸು. ವರ್ಷಕ್ಕ ಎರಡ್ ಸಲ ಬರೋರಿಗೆ ಊರು ಹಳೇ ಫೋಟೋದಾಗ ಇದ್ದಂಗ ಇರಬೇಕು. ನಾವು ಫೋಟೋದಾಗ ಇರಬೇಕೇನ್ರಿ?'

ಹೊರನಾಡಿನಲ್ಲಿ ಇರುವ ನಮ್ಮೆಲ್ಲರಿಗೂ ಇದು ತಾಗುವ ಮಾತು. ನಾವು ಊರಿನಿಂದ ಓಡಿಬಂದು, ಶಹರದ ಸುಖ ಉಂಡು, ಊರು ಮಾತ್ರ ಅವ್ವನ ಪೆಟ್ಟಿಗೆಯೊಳಗಿನ ಸೀರೆಯ ಹಾಗೆ ಮಡಿಕೆ ಮುರಿಯದೆ ಇರಲಿ ಎಂದು ಬಯಸುತ್ತೇವೆ. ಅದು ತಪ್ಪು. ಆಕೆಯ ಟ್ರ್ಯಾಕ್ಟರಿನ ಮಾತಿಗೆ ನಾನು ಹೇಳಿದ್ದು ಇಷ್ಟೇ: ಮೂರು ಕಿಲೋಮೀಟರಿನಲ್ಲಿ ಆರು ಕಡೆ, ಗಿಡ ಇಲ್ಲದಲ್ಲಿ, ಗಾಡಿ ಸರಿಯಲು ಜಾಗ ಮಾಡಿ. ಅದಕ್ಕೆ ಬೇಕಾದ ಹೊಲ ನನ್ನ ಪಾಲಿನದು ಪುಕ್ಕಟೆ ತಗೊಳ್ಳಿ, ಆ ಕಾಗದಕ್ಕೆ ಇವತ್ತೇ ಸಹಿ ಹಾಕುತ್ತೇನೆ. ಡಾಂಬರು ಹೊಸದು ಹಾಕಿಸಿ. ಬಾಣಂತಿಯ ಗಾಡಿಗೆ ಬೇಕಾದದ್ದು ಇಷ್ಟು. ಏಳು ಮೀಟರು ಬೇಕಾಗಿರುವುದು ಪ್ಲಾಟಿಗೆ. ಹೊಲ ಮಾರುವುದಾದರೆ ಮಾರುತ್ತೇವೆ ಎಂದು ಹೇಳಿ, ಬಾಣಂತಿಯನ್ನು ಮುಂದೆ ಮಾಡಬೇಡಿ.

ಆಮೇಲೆ ನಾನೂ ಒಂದು ಪ್ರಶ್ನೆ ಕೇಳಿದೆ. 2006-07ರಲ್ಲಿ ಸರಕಾರ ಎಂಟನೇ ಇಯತ್ತೆಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತಲ್ಲ, ಕೋವಿಡ್ ಕಾಲದಲ್ಲಿ ನಿಂತಿತಲ್ಲ, ಆಗ ಊರಿಗೆ ಬಂದಾಗ ಇದೇ ದಾರಿಯಲ್ಲಿ ಜಡೆಗೆ ರಿಬ್ಬನ್ ಕಟ್ಟಿದ ಹುಡುಗಿಯರು ಸಾಲುಸಾಲಾಗಿ ಹೈಸ್ಕೂಲಿಗೆ ಹೋಗುವುದನ್ನು ನೋಡಿದ್ದೇನೆ. ನಮ್ಮ ಅಕ್ಕ ಆರನೆಯ ಇಯತ್ತೆಗೆ ಸಾಲೆ ಬಿಟ್ಟಳು, ಹೈಸ್ಕೂಲು ಮೂರು ಮೈಲಿ ದೂರ ಎಂಬ ಒಂದೇ ಕಾರಣಕ್ಕೆ. ನಿಮ್ಮ ಮಗಳು ಈಗ ಹೇಗೆ ಹೋಗುತ್ತಾಳೆ? ವ್ಯಾನಿನಲ್ಲಿ, ಎಂದ ಅವನು. ಯಾಕೆ? ದೊಡ್ಡ ರಸ್ತೆ ಮುಟ್ಟಿದ ಮೇಲೆ ಗಾಡಿ ಭಾಳ, ಸೈಕಲ್ ಕೊಡಲು ಹೆದರಿಕೆ. ಹಾಗಾದರೆ ಆ ಹೆದರಿಕೆಯನ್ನು ಮನೆ ಬಾಗಿಲಿನ ತನಕ ತಂದುಕೊಳ್ಳಲು ಹದಿನೆಂಟು ಗಿಡ ಕಡಿಯುತ್ತೀರೇನು? ಇದಕ್ಕೆ ಅವನು ಉತ್ತರ ಕೊಡಲಿಲ್ಲ. ಅವನ ಹೆಂಡತಿ ಏನೋ ಹೇಳಲು ಹೊರಟು ಸುಮ್ಮನಾದಳು. ಅಷ್ಟರಲ್ಲಿ ಹನ್ನೆರಡು ವರ್ಷದ ಆ ಹುಡುಗಿ ಹೊರಗೆ ನನ್ನ ಸೈಕಲ್ಲಿನ ಗಂಟೆ ಬಾರಿಸುತ್ತಿದ್ದಳು.

ಮರುದಿನ ಬೆಳಿಗ್ಗೆ ಆಕೆಗೆ ಸೀಟು ಇಳಿಸಿ ಕೊಟ್ಟೆ. ಆದರೂ ಕಾಲು ಸರಿಯಾಗಿ ಎಟುಕುತ್ತಿರಲಿಲ್ಲ. ಹಿಂದೆ ಕ್ಯಾರಿಯರು ಹಿಡಿದುಕೊಂಡು ನಾನು ಎರಡನೆಯ ಮುತ್ತುಗದ ಗಿಡದ ತನಕ ಓಡಿದೆ. ಅರ್ಧ ದಾರಿಗೆ ಕೈ ಬಿಟ್ಟಿದ್ದೆ, ಆಕೆಗೆ ಗೊತ್ತಾಗಲಿಲ್ಲ. ಎದುರಿಗೆ ಒಂದು ಕಬ್ಬಿನ ಟ್ರ್ಯಾಕ್ಟರ್ ಬಂತು. ಡ್ರೈವರು ದೂರದಿಂದಲೇ ನೋಡಿ ನಿಲ್ಲಿಸಿ, ಆಕೆ ದಾಟುವ ತನಕ ಕಾದ.

ಕಾಗದ ಈಗ ಪುಣೆಯಲ್ಲಿ ನನ್ನ ಮೇಜಿನ ಮೇಲೆಯೇ ಇದೆ. ಅಣ್ಣನ ಮಗ ತಿಂಗಳಿಗೊಮ್ಮೆ ಫೋನ್ ಮಾಡುತ್ತಾನೆ, ಮಳೆ ಬೆಳೆ ಎಲ್ಲ ಮಾತಾಡಿ ಕೊನೆಗೆ, 'ಅದೊಂದ್ ಸಹಿ ಕಾಕಾ' ಎನ್ನುತ್ತಾನೆ. ಆರು ಕಡೆ ಜಾಗ ಬಿಡುವ ಬೇರೆ ಕಾಗದವನ್ನು ನಾನೇ ಟೈಪ್ ಮಾಡಿಸಿ, ಸಹಿ ಹಾಕಿ, ರಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ಅದು ಮುಟ್ಟಿದ ಬಗ್ಗೆ ಅವನು ಇನ್ನೂ ಏನೂ ಹೇಳಿಲ್ಲ.